ಕ್ಲಿಪ್ಪು ಬಿಚ್ಚಿದ ಮೇಲೆ ಯಾವ ರಿಟೈನರ್?

ಒಂದೂವರೆ ಎರಡು ವರ್ಷ ತಿಂಗಳಿಗೊಮ್ಮೆ ತಂತಿ ಬಿಗಿ ಮಾಡಿಸಿಕೊಂಡು, ಕಡೆಗೊಂದು ದಿನ ಬ್ರಾಕೆಟ್‌ಗಳನ್ನೆಲ್ಲ ತೆಗೆದು ಹಲ್ಲಿಗೆ ಹೊಳಪು ಕೊಟ್ಟಾಗ ಮನೆಮಂದಿಗೆಲ್ಲ ಕೆಲಸ ಮುಗಿಯಿತೆನಿಸುತ್ತದೆ. ಹಲ್ಲಿನ ಮಟ್ಟಿಗೆ ಅರ್ಧ ಕೆಲಸ ಇನ್ನೂ ಬಾಕಿ. ನಿಂತ ಜಾಗ ಅದಕ್ಕೆ ಹೊಸದು, ಹಳೆಯದು ಮರೆತಿಲ್ಲ. ಅದನ್ನು ಹೊಸ ಜಾಗದಲ್ಲೇ ಹಿಡಿದಿಡುವ ಸಾಧನವೇ ರಿಟೈನರ್.

ಹಲ್ಲು ದವಡೆಯ ಎಲುಬಿಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಬೇರಿಗೂ ಎಲುಬಿಗೂ ನಡುವೆ ಸುಮಾರು ಕಾಲು ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಕ್ಲಿಪ್ಪು ಹಲ್ಲನ್ನು ಸರಿಸುವುದೂ ಈ ಪದರದ ಮೂಲಕವೇ. ಕ್ಲಿಪ್ಪು ತೆಗೆದ ಮೇಲೆ ಈ ನಾರುಗಳು ಹೊಸ ಜಾಗಕ್ಕೆ ಒಗ್ಗಿ ಮತ್ತೆ ಹೆಣೆದುಕೊಳ್ಳಲು 3–4 ತಿಂಗಳು ಬೇಕು. ವಸಡಿನೊಳಗಿನ ಕೊಲಾಜನ್ ನಾರುಗಳಿಗೆ 4–6 ತಿಂಗಳು. ಹಲ್ಲಿನ ಕುತ್ತಿಗೆಯನ್ನು ಸುತ್ತಿಕೊಂಡಿರುವ, ರಬ್ಬರಿನಂತೆ ಎಳೆಯುವ ನಾರುಗಳಿಗೆ ಕೆಲವೊಮ್ಮೆ ಒಂದು ವರ್ಷವೂ ಸಾಲದು. ತಿರುಗಿಕೊಂಡಿದ್ದ ಹಲ್ಲನ್ನು ನೇರ ಮಾಡಿದಾಗ ಈ ಕೊನೆಯ ನಾರುಗಳು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡೇ ಉಳಿದಿರುತ್ತವೆ. ಹಿಡಿತ ಬಿಟ್ಟರೆ ಹಲ್ಲು ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂದಿರುಗುತ್ತದೆ. ಆದ್ದರಿಂದ ರಿಟೈನರ್ ಅದೇ ದಿನ, ತಪ್ಪಿದರೆ ಒಂದೆರಡು ದಿನದೊಳಗೆ ಬಾಯಿಗೆ ಬರಬೇಕು. ‘ಮುಂದಿನ ವಾರ ಬನ್ನಿ, ಅಚ್ಚು ತೆಗೆಯೋಣ’ ಎಂದರೆ ಒಪ್ಪಬೇಡಿ.

ಇದು ಮೊದಲ ವರ್ಷದ ಮಾತು. ಎರಡನೆಯ ಕಾರಣಕ್ಕೆ ಕೊನೆಯೇ ಇಲ್ಲ. ಕ್ಲಿಪ್ಪು ಕಾಣದವರ ಬಾಯಲ್ಲೂ ಪ್ರಾಯ ಏರಿದಂತೆ ಕೆಳದವಡೆಯ ಕಮಾನು ಕಿರಿದಾಗುತ್ತ, ಎರಡು ಕೋರೆಹಲ್ಲುಗಳ ನಡುವಿನ ಅಂತರ ಕಡಿಮೆಯಾಗುತ್ತ, ಕೆಳಗಿನ ಬಾಚಿಹಲ್ಲುಗಳು ಒಂದರ ಮೇಲೊಂದು ಸರಿಯುತ್ತವೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಲಿಟ್ಲ್ ಮತ್ತು ಸಂಗಡಿಗರು, ಪ್ರಿಮೋಲಾರ್ ಹಲ್ಲು (ಕೋರೆಹಲ್ಲಿನ ಹಿಂದಿನ ಸಣ್ಣ ದವಡೆಹಲ್ಲು) ಕಿತ್ತು ಸರಿಪಡಿಸಿದವರನ್ನು ಅನೇಕ ವರ್ಷಗಳ ನಂತರ ಮತ್ತೆ ಕರೆಸಿ ಅಳೆದರು. ರಿಟೈನರ್ ನಿಲ್ಲಿಸಿ 10 ವರ್ಷವಾದಾಗ ಕೆಳಗಿನ ಮುಂಭಾಗದ ಹಲ್ಲು ಒಪ್ಪುವ ಮಟ್ಟಿಗೆ ನೇರವಾಗಿ ಉಳಿದಿದ್ದವರು ನೂರಕ್ಕೆ 30ಕ್ಕಿಂತ ಕಡಿಮೆ (1981ರ ವರದಿ). 20 ವರ್ಷದ ಹೊತ್ತಿಗೆ ನೂರಕ್ಕೆ 10 (1988ರ ವರದಿ). ಯಾರದ್ದು ಉಳಿದೀತು, ಯಾರದ್ದು ಕೆಟ್ಟೀತು ಎಂದು ಮೊದಲೇ ಹೇಳಬಲ್ಲ ಗುರುತು ಮಾತ್ರ ಅವರಿಗೆ ಸಿಗಲಿಲ್ಲ. ಹಾಗಾಗಿ ‘ಎಷ್ಟು ವರ್ಷ ಹಾಕಬೇಕು?’ ಎಂಬ ಪ್ರಶ್ನೆಗೆ ಉತ್ತರ: ಹಲ್ಲು ನೇರವಾಗಿರಬೇಕು ಎನ್ನುವಷ್ಟು ವರ್ಷ. ದಿನಕ್ಕೆ ಹಾಕುವ ಹೊತ್ತು ಮಾತ್ರ ಕಡಿಮೆಯಾಗುತ್ತ ಹೋಗುತ್ತದೆ.

ಬುದ್ಧಿಹಲ್ಲು ಹಿಂದಿನಿಂದ ದೂಡಿ ಮುಂದಿನ ಹಲ್ಲನ್ನು ಸೊಟ್ಟ ಮಾಡುತ್ತದೆ ಎಂಬ ನಂಬಿಕೆ ಊರೆಲ್ಲ ಇದೆ. ಅದಕ್ಕೆ ಆಧಾರ ಸಿಕ್ಕಿಲ್ಲ. ಹುಳುಕು, ಬಾವು, ಪಕ್ಕದ ಹಲ್ಲಿಗೆ ಹಾನಿ ಇಂಥ ಕಾರಣಕ್ಕೆ ಬುದ್ಧಿಹಲ್ಲು ತೆಗೆಸಿ. ರಿಟೈನರ್ ತಪ್ಪಿಸಿಕೊಳ್ಳಲಿಕ್ಕೆಂದು ತೆಗೆಸಬೇಡಿ.

ಇನ್ನು ಆಯ್ಕೆ. ಇರುವುದು ಮೂರು ಬಗೆ: ಹಲ್ಲಿನ ಹಿಂಬದಿಗೆ ಅಂಟಿಸುವ ತಂತಿ, ಪೂರ್ತಿ ಹಲ್ಲಿಗೆ ಕವಿಯುವ ಪಾರದರ್ಶಕ ರಿಟೈನರ್, ಗುಲಾಬಿ ಅಕ್ರಿಲಿಕ್ ಮತ್ತು ತಂತಿಯ ಹಾಲೀಸ್ ಪ್ಲೇಟ್. ಹಿಡಿತದ ಬಲದಲ್ಲಿ ಇವುಗಳ ನಡುವೆ ಇರುವ ವ್ಯತ್ಯಾಸ ಸಣ್ಣದು. ಒಂದೇ ಎಲ್ಲರಿಗೂ ಮೇಲು ಎನ್ನಲು ಗಟ್ಟಿ ಪುರಾವೆ ಇಲ್ಲ. ದೊಡ್ಡ ವ್ಯತ್ಯಾಸ ಇರುವುದು ಅವು ಕೈಕೊಡುವ ರೀತಿಯಲ್ಲಿ. ಎಲ್ಲವೂ ಒಂದಲ್ಲ ಒಂದು ದಿನ ಕೈಕೊಡುತ್ತವೆ. ಕೈಕೊಟ್ಟಾಗ ನಿಮಗೆ ತಕ್ಷಣ ಗೊತ್ತಾಗುತ್ತದೆಯೇ, ಗೊತ್ತಾದ ಮೇಲೆ ಎರಡು ವಾರದೊಳಗೆ ಡಾಕ್ಟರ ಬಳಿ ಹೋಗುವ ಹಾಗಿದೆಯೇ ಎಂಬುದನ್ನು ನೋಡಿ ಆರಿಸಿಕೊಳ್ಳಿ.

ಅಂಟಿಸಿದ ತಂತಿ: ಸದ್ದಿಲ್ಲದೆ ಬಿಡುವಂಥದು

ಇದನ್ನು ಹೆಚ್ಚಿನವರು ಇಷ್ಟಪಡುವುದು ಸಹಜ. ಹಾಕುವ ತೆಗೆಯುವ ರಗಳೆ ಇಲ್ಲ, ಹೊರಗೆ ಕಾಣುವುದಿಲ್ಲ, ಹಾಕಲು ಮರೆಯುವ ಪ್ರಶ್ನೆಯೇ ಇಲ್ಲ. ಅದು ಬಾಯಲ್ಲಿರುವುದೇ ಮರೆತುಹೋಗುತ್ತದೆ ಎಂಬುದೇ ಅದರ ತೊಂದರೆಯೂ ಹೌದು.

ಇದರಲ್ಲಿ ಎರಡು ಜಾತಿ. ಒಂದು, ಸುಮಾರು 0.7–0.8 ಮಿ.ಮೀ. ದಪ್ಪದ ಗಟ್ಟಿ ತಂತಿ. ಕೆಳಗಿನ ಎರಡು ಕೋರೆಹಲ್ಲಿಗೆ ಮಾತ್ರ ಅಂಟಿಸಿ, ನಡುವಿನ ನಾಲ್ಕು ಬಾಚಿಹಲ್ಲುಗಳನ್ನು ಅದಕ್ಕೆ ಒರಗಿಸಿ ಬಿಡುತ್ತಾರೆ. ಇನ್ನೊಂದು, ತೆಳು ಎಳೆಗಳನ್ನು ಹಗ್ಗದಂತೆ ಹೊಸೆದ 0.0175ರಿಂದ 0.0215 ಇಂಚಿನ ತಂತಿ. ಇದನ್ನು ಆರೂ ಹಲ್ಲುಗಳಿಗೆ ಒಂದೊಂದು ಚುಕ್ಕೆ ಕಾಂಪೊಸಿಟ್ (ಹಲ್ಲಿನ ಬಣ್ಣದ ಅಂಟು ಸಾಮಗ್ರಿ) ಇಟ್ಟು ಅಂಟಿಸುತ್ತಾರೆ. ಈಗ ಹೆಚ್ಚು ಚಾಲ್ತಿಯಲ್ಲಿರುವುದು ಎರಡನೆಯದು. ಪ್ರತಿ ಹಲ್ಲನ್ನೂ ಅದು ಬೇರೆ ಬೇರೆಯಾಗಿ ಹಿಡಿಯುತ್ತದೆ, ತಿರುಗಿದ್ದ ಹಲ್ಲಿಗೆ ಅದೇ ಬೇಕು. ಗಟ್ಟಿ ತಂತಿ ಕೋರೆಹಲ್ಲುಗಳ ಅಂತರವನ್ನು ಚೆನ್ನಾಗಿ ಕಾಯುತ್ತದೆ. ನಡುವಿನ ಹಲ್ಲು ತುಸು ತಿರುಗಿದರೆ ತಡೆಯುವುದಿಲ್ಲ.

ಆದರೆ ಗಟ್ಟಿ ತಂತಿಯ ಒಂದು ತುದಿ ಬಿಟ್ಟರೆ ಅದು ನಾಲಿಗೆಗೆ ಚುಚ್ಚುತ್ತದೆ, ಅಲ್ಲಾಡುತ್ತದೆ, ಅದೇ ದಿನ ಗೊತ್ತಾಗುತ್ತದೆ. ಆರು ಚುಕ್ಕೆಯ ತಂತಿಯಲ್ಲಿ ಒಂದು ಚುಕ್ಕೆ ಬಿಟ್ಟರೆ ಉಳಿದ ಐದು ಅದನ್ನು ಹಿಡಿದೇ ಇರುತ್ತವೆ. ನೋವಿಲ್ಲ, ಅಲುಗಾಟವಿಲ್ಲ. ಬಿಟ್ಟ ಹಲ್ಲೊಂದೇ ವಾರ ತಿಂಗಳುಗಳಲ್ಲಿ ಮೆಲ್ಲನೆ ಮುಂದಕ್ಕೆ ಬರುತ್ತದೆ. ಕನ್ನಡಿಯಲ್ಲಿ ಕಾಣುವಷ್ಟಾದಾಗ ಮತ್ತೆ ಅಂಟಿಸಿ ಪ್ರಯೋಜನವಿಲ್ಲ. ಮೊದಲು ಹಲ್ಲನ್ನು ಹಿಂದಕ್ಕೆ ತರಬೇಕು.

ಇದನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ತಿಂಗಳಿಗೊಮ್ಮೆ, ಹಲ್ಲುಜ್ಜಿದ ಮೇಲೆ, ಸಣ್ಣ ಕನ್ನಡಿ ಮತ್ತು ಮೊಬೈಲ್ ಟಾರ್ಚ್ ಹಿಡಿದು ಕೂತುಕೊಳ್ಳಿ. ಒಣ ಕರವಸ್ತ್ರದ ತುದಿಯಿಂದ ಕೆಳಹಲ್ಲಿನ ಒಳಬದಿಯನ್ನು ಒರೆಸಿ. ಆರು ಚುಕ್ಕೆ ಎಣಿಸಿ. ಒಂದೊಂದೇ ಹಲ್ಲನ್ನು ಹೊರಗಿನಿಂದ ಬೆರಳ ತುದಿಯಲ್ಲಿ ಒಳಕ್ಕೆ ಒತ್ತಿ ಬಿಡಿ. ಕಣ್ಣು ಚುಕ್ಕೆಯ ಅಂಚಿನ ಮೇಲಿರಲಿ. ಅಂಟು ಗಟ್ಟಿಯಿದ್ದರೆ ಏನೂ ಆಗದು. ಬಿಟ್ಟಿದ್ದರೆ ಒತ್ತಿದಾಗಲೆಲ್ಲ ಅಂಚಿನಲ್ಲಿ ಎಂಜಲಿನ ಸಣ್ಣ ಗುಳ್ಳೆ ಏಳುತ್ತದೆ, ಅಥವಾ ಕಾಂಪೊಸಿಟ್ಟಿಗೂ ಹಲ್ಲಿಗೂ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದೆ. ಇದ್ದಕ್ಕಿದ್ದಂತೆ ಒಂದೇ ಸಂದಿನಲ್ಲಿ ಸೊಪ್ಪು, ಮೀನಿನ ನಾರು ಸಿಕ್ಕಿಕೊಳ್ಳಲು ಶುರುವಾದರೆ ಅದೂ ಒಂದು ಗುರುತು.

ಅಂಟು ಬಿಡುವುದೇಕೆ? ಬಹುಪಾಲು ತಪ್ಪು ಅಂಟಿಸುವ ದಿನವೇ ಆಗಿರುತ್ತದೆ. ಕೆಳಹಲ್ಲಿನ ಒಳಬದಿ ಎಂಜಲು ತುಂಬಿ ಬರುವ ಜಾಗ. ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದು ಒಣಗಿಸಿದ ಮೇಲೆ ಒಂದು ಹನಿ ಎಂಜಲು ತಾಗಿದರೂ ಅಂಟು ಅರೆಬರೆ. ಕಿಟ್ಟ ಪೂರ್ತಿ ತೆಗೆಯದೆ ಅಂಟಿಸಿದರೂ ಅಷ್ಟೆ. ಉಳಿದ ತಪ್ಪು ಊಟದ್ದು. ಸಾರಿನಲ್ಲಿ ನೆನೆದ ಕೋರಿ ರೊಟ್ಟಿ ಏನೂ ಮಾಡದು. ನೆನೆಯುವ ಮೊದಲೇ ಗರಿಗರಿ ಹಾಳೆಯನ್ನು ಮುಂದಿನ ಹಲ್ಲಿನಲ್ಲಿ ಕಡಿಯುವುದು ಮಾಡುತ್ತದೆ. ಏಡಿಯ ಕಾಲು ಸೀಳುವುದು, ಕಬ್ಬು ಸಿಗಿಯುವುದು, ಮಾವಿನ ಗೊರಟು ಚೀಪುತ್ತ ಹಲ್ಲಿನಿಂದ ಕೆರೆಯುವುದು ಎಲ್ಲ ಇದೇ ಸಾಲಿಗೆ. ಅಡಿಕೆ ಹೋಳನ್ನು ಹಿಂದಿನ ದವಡೆಯಲ್ಲಿ ಜಗಿದರೆ ತಂತಿಗೆ ಹೆಚ್ಚೇನಿಲ್ಲ, ಆದರೆ ಸುಣ್ಣ, ಎಲೆ, ಅಡಿಕೆಯ ಕೆಂಪು ತಂತಿಯ ಸುತ್ತಲಿನ ಕಿಟ್ಟಕ್ಕೆ ಹಿಡಿದು ಕಪ್ಪಾಗುತ್ತದೆ.

ಇನ್ನೊಂದು ಅಪರೂಪದ, ಆದರೆ ಕೆಟ್ಟ ತೊಂದರೆ ಇದೆ. ಎಲ್ಲ ಚುಕ್ಕೆ ಭದ್ರವಾಗಿದ್ದೂ ಒಂದು ಹಲ್ಲಿನ ಬೇರು ಹೊರಕ್ಕೋ ಒಳಕ್ಕೋ ತಿರುಗತೊಡಗುತ್ತದೆ. ಹೊಸೆದ ತಂತಿಯನ್ನು ಹಲ್ಲಿನ ಮೈಗೆ ಸರಿಯಾಗಿ ಬಗ್ಗಿಸದೆ, ಒತ್ತಿ ಹಿಡಿದು ಅಂಟಿಸಿದ್ದರೆ ಅಥವಾ ಗಟ್ಟಿ ಕಡಿತದಿಂದ ಆಮೇಲೆ ಬಗ್ಗಿದ್ದರೆ ಅದು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಒಂದು ಹಲ್ಲಿನ ವಸಡು ಮಾತ್ರ ಕೆಳಗಿಳಿದು ಬೇರು ಕಾಣತೊಡಗಿದರೆ ಮನೆಯಲ್ಲಿ ಕಾಯುವುದು ಬೇಡ, ತಂತಿ ತೆಗೆಸಲೇಬೇಕು. ಅಂಟಿಸುವ ದಿನ ‘ತಂತಿ ಬೆರಳು ತಾಗಿಸದೆಯೂ ಹಲ್ಲಿನ ಮೇಲೆ ಕೂರುತ್ತದೆಯೇ?’ ಎಂದು ಕೇಳಿದರೆ ಒಳ್ಳೆಯ ಡಾಕ್ಟರು ಬೇಸರಿಸಿಕೊಳ್ಳುವುದಿಲ್ಲ.

ಶುಚಿ ಮಾಡುವುದಕ್ಕೆ ಸಾದಾ ದಾರ ತಂತಿಯ ಕೆಳಗೆ ತೂರುವುದಿಲ್ಲ. ಗಟ್ಟಿ ತುದಿಯ ಸೂಪರ್‌ಫ್ಲಾಸ್ ಅಥವಾ ದಾರ ಪೋಣಿಸುವ ಪ್ಲಾಸ್ಟಿಕ್ ಸೂಜಿ ಬೇಕು, ಜೊತೆಗೆ ಸಂದಿನ ಸಣ್ಣ ಬ್ರಷ್. ಆರು ತಿಂಗಳಿಗೊಮ್ಮೆ ಕಿಟ್ಟ ತೆಗೆಸಬೇಕು. ಇಷ್ಟು ಮಾಡಲಾರೆ ಎನ್ನುವವರು, ವಸಡಿನಲ್ಲಿ ರಕ್ತ ಬರುವವರು ಈ ಬಗೆಯನ್ನು ಬಿಡುವುದೇ ವಾಸಿ.

ಮೇಲಿನ ಹಲ್ಲಿಗೆ ಅಂಟಿಸುವ ಮೊದಲು ಕಡಿತ ನೋಡಬೇಕು. ಬಾಯಿ ಮುಚ್ಚಿದಾಗ ಕೆಳಹಲ್ಲು ಮೇಲಿನ ಹಲ್ಲಿನ ಹಿಂಬದಿಗೆ ಹೋಗಿ ತಾಗುವುದಾದರೆ ತಂತಿಗೆ ಜಾಗವೇ ಇಲ್ಲ. ಪ್ರತಿ ತುತ್ತಿಗೂ ಒಂದು ಪೆಟ್ಟು.

ಪಾರದರ್ಶಕ ರಿಟೈನರ್: ಬಿಗಿಯಾಗಿ ಹೇಳುವಂಥದು

ಹಲ್ಲಿನ ಅಚ್ಚಿನ ಮೇಲೆ ಸುಮಾರು 1 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ, ಗಾಳಿ ಎಳೆದು ಕೂರಿಸಿ ಮಾಡುವ ಕವಚ ಇದು. 1993ರಲ್ಲಿ ಅಮೆರಿಕದ ಜಾನ್ ಶೆರಿಡನ್ ಎಸಿಕ್ಸ್ ಎಂಬ ಹೆಸರಿನಲ್ಲಿ ಪರಿಚಯಿಸಿದ್ದು. ಮಾಡುವುದು ಸುಲಭ, ಮಾತಿಗೆ ತೊಡಕು ಕಡಿಮೆ, ಕೆಳಗಿನ ಬಾಚಿಹಲ್ಲುಗಳನ್ನು ಹಾಲೀಸ್ ಪ್ಲೇಟಿಗಿಂತ ತುಸು ಚೆನ್ನಾಗಿ ಹಿಡಿಯುತ್ತದೆ.

ಇದರ ದೊಡ್ಡ ಗುಣವೆಂದರೆ ಅದು ಅಳತೆಗೋಲೂ ಹೌದು. ಎರಡು ರಾತ್ರಿ ಬಿಟ್ಟು ಹಾಕಿದಾಗ ಬಿಗಿ ಎನಿಸಿದರೆ ಹಲ್ಲು ಅಷ್ಟು ಸರಿದಿದೆ ಎಂದೇ ಅರ್ಥ. ನಿಮ್ಮ ಹಲ್ಲಿಗೆ ಎಷ್ಟು ರಾತ್ರಿ ಬೇಕು ಎಂಬುದನ್ನು ಹೀಗೆಯೇ ಕಂಡುಕೊಳ್ಳಬಹುದು. ಮೊದಲ 3–6 ತಿಂಗಳು ಊಟ, ಹಲ್ಲುಜ್ಜುವುದು ಬಿಟ್ಟು ಪೂರ್ತಿ ಹೊತ್ತು, ಆಮೇಲೆ ರಾತ್ರಿ ಎಂಬುದು ಹಲವು ಕ್ಲಿನಿಕ್ಕುಗಳ ರೂಢಿ. ಮೊದಲಿನಿಂದಲೇ ರಾತ್ರಿ ಮಾತ್ರ ಹಾಕಿಸುವವರೂ ಇದ್ದಾರೆ, ಅದೂ ಸಾಕಾಗುತ್ತದೆ ಎಂದು ತೋರಿಸಿದ ಅಧ್ಯಯನಗಳಿವೆ. ಸುಲಭ ಪ್ರಕರಣಕ್ಕೆ ರಾತ್ರಿ ಸಾಕು. ತಿರುಗಿದ್ದ ಹಲ್ಲು, ಸಂದು ಮುಚ್ಚಿದ ಹಲ್ಲಿಗೆ ಮೊದಲ ಆರು ತಿಂಗಳು ಪೂರ್ತಿ ಹೊತ್ತು ಹಾಕುವುದೇ ಕ್ಷೇಮ.

ಕೈಗೆ ಬಂದ ದಿನ ಎರಡು ವಿಷಯ ನೋಡಿ. ಕವಚ ಕೊನೆಯ ದವಡೆಹಲ್ಲನ್ನೂ ಕನಿಷ್ಠ ಅರ್ಧದಷ್ಟು ಮುಚ್ಚಿರಬೇಕು. ಮುಚ್ಚದಿದ್ದರೆ ಆ ಹಲ್ಲು ತಿಂಗಳುಗಳಲ್ಲಿ ಮೇಲೆದ್ದು, ಬಾಯಿ ಮುಚ್ಚಿದಾಗ ಅದೊಂದೇ ತಾಗಿ ಮುಂದಿನ ಹಲ್ಲು ಕೂಡದ ಹಾಗಾಗುತ್ತದೆ. ಅಂಚು ವಸಡಿಗೆ ಕೊರೆಯುತ್ತಿದ್ದರೆ ಅಲ್ಲೇ ಉಜ್ಜಿಸಿಕೊಳ್ಳಿ, ಮನೆಯಲ್ಲಿ ಕತ್ತರಿ ಆಡಿಸಬೇಡಿ.

ಕೆಡುವ ದಾರಿಗಳು ಇಲ್ಲಿ ಬೇರೆ. ಬಿಸಿನೀರು ಮೊದಲನೆಯದು: ಶುದ್ಧವಾಗಲಿ ಎಂದು ಕುದಿನೀರು ಹೊಯ್ದರೆ ಕವಚ ಒಂದೇ ಸಲಕ್ಕೆ ಸುರುಟಿಹೋಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೂ ಅದೇ ಗತಿ. ತಣ್ಣೀರು, ಮೃದು ಬ್ರಷ್, ಒಂದು ಹನಿ ಪಾತ್ರೆ ತೊಳೆಯುವ ಸೋಪು ಸಾಕು. ಟೂತ್‌ಪೇಸ್ಟ್ ಗೀರು ಹಾಕುತ್ತದೆ, ಗೀರಿನಲ್ಲಿ ವಾಸನೆ ಕೂರುತ್ತದೆ. ವಾರಕ್ಕೊಮ್ಮೆ ಹಲ್ಲುಸೆಟ್ಟಿಗೆ ಬಳಸುವ ಶುಚಿ ಮಾತ್ರೆಯಲ್ಲಿ ನೆನೆಸಬಹುದು. ಕವಚ ಹಾಕಿಕೊಂಡೇ ಚಹಾ, ಶರಬತ್ತು, ಸೋಡಾ ಕುಡಿಯಬಾರದು. ಬಣ್ಣ ಹತ್ತುವುದಷ್ಟೇ ಆದರೆ ಚಿಂತೆಯಿಲ್ಲ, ಸಿಹಿ ಮತ್ತು ಆಮ್ಲ ಹಲ್ಲಿನ ಮೇಲೆ ಮುಚ್ಚಳ ಹಾಕಿಟ್ಟಂತೆ ನಿಂತು ಎನಾಮೆಲ್ ಬೆಳ್ಳಗೆ ಸುಣ್ಣದಂತಾಗುತ್ತದೆ.

ಮಳೆಗಾಲದ ಆಟಿ ತಿಂಗಳ ತೇವದಲ್ಲಿ ಒದ್ದೆ ಕವಚವನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರೆ ಮೂರೇ ದಿನಕ್ಕೆ ಮುಗ್ಗಲು ವಾಸನೆ. ಡಬ್ಬಿಗೆ ತೂತಿರಬೇಕು, ಡಬ್ಬಿಯನ್ನೂ ತೊಳೆದು ಒಣಗಿಸಬೇಕು.

ಇನ್ನು ಕಳೆದುಹೋಗುವುದು. ಮದುವೆಯ ಊಟಕ್ಕೆ ಕೂತು, ಕವಚ ತೆಗೆದು ಬಾಳೆ ಎಲೆಯ ತುದಿಯಲ್ಲೋ ಟಿಶ್ಯೂ ಕಾಗದದಲ್ಲೋ ಇಟ್ಟರೆ, ಪಾಯಸ ಮುಗಿಸಿ ಎಲೆ ಮಡಚುವಾಗ ನೆನಪಾಗುವುದಿಲ್ಲ. ಕಣ್ಣಿಗೆ ಕಾಣದ ವಸ್ತು, ಎಲೆಯೊಂದಿಗೇ ಹೋಗುತ್ತದೆ. ಡಬ್ಬಿ ಕಿಸೆಯಲ್ಲಿಲ್ಲದಿದ್ದರೆ ಕವಚ ತೆಗೆಯಬಾರದು ಎಂಬ ಒಂದೇ ನಿಯಮ ಮಕ್ಕಳಿಗೆ ಕಲಿಸಿ. ಮನೆಯಲ್ಲಿ ನಾಯಿಯಿದ್ದರೆ ಮೇಜಿನ ಮೇಲೂ ಬಿಡಬೇಡಿ. ಎಂಜಲಿನ ವಾಸನೆಗೆ ಅವು ಹುಡುಕಿಕೊಂಡು ಬರುತ್ತವೆ.

ಆಯುಸ್ಸು ಒಂದರಿಂದ ಮೂರು ವರ್ಷ. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಅದಕ್ಕೂ ಕಡಿಮೆ. ಅಲೈನರ್ ಚಿಕಿತ್ಸೆ (ಕ್ಲಿಪ್ಪಿನ ಬದಲು ಪಾರದರ್ಶಕ ಕವಚಗಳ ಸರಣಿಯಿಂದ ಹಲ್ಲು ಸರಿಸುವುದು) ಮಾಡಿಸಿಕೊಂಡವರು ಕೊನೆಯ ಅಲೈನರನ್ನೇ ವರ್ಷಗಟ್ಟಲೆ ರಿಟೈನರ್ ಮಾಡಿಕೊಳ್ಳುವುದುಂಟು. ಅದು ನಾಲ್ಕಾರು ವಾರದ ಊರುಗೋಲು ಅಷ್ಟೆ, ಬಾಳಿಕೆಗೆಂದು ಮಾಡಿದ್ದಲ್ಲ.

ಹಾಲೀಸ್ ಪ್ಲೇಟ್: ಹಳೆಯದು, ರಿಪೇರಿಯಾಗುವಂಥದು

ಚಾರ್ಲ್ಸ್ ಹಾಲಿ 1919ರಲ್ಲಿ ವಿವರಿಸಿದ ಈ ಪ್ಲೇಟ್ ನೂರು ವರ್ಷ ದಾಟಿಯೂ ಉಳಿದಿರುವುದು ಸುಮ್ಮನೆ ಅಲ್ಲ. ಬಿಟ್ಟ ತಂತಿಯನ್ನು ಬಿಗಿ ಮಾಡಬಹುದು, ಮುರಿದ ಅಕ್ರಿಲಿಕ್ಕನ್ನು ಸೇರಿಸಬಹುದು, ಮುಂದೆ ಹುಟ್ಟಿದ ಸಣ್ಣ ಸಂದನ್ನು ಅದೇ ತಂತಿಯ ಸುರುಳಿ ಒತ್ತಿ ಮುಚ್ಚಬಹುದು. ಹಲ್ಲಿನ ಜಗಿಯುವ ಮೈಯನ್ನು ಮುಚ್ಚದೆ ಇರುವುದರಿಂದ ಮೇಲಿನ ಕೆಳಗಿನ ದವಡೆಹಲ್ಲುಗಳು ತಿಂಗಳುಗಳಲ್ಲಿ ಪರಸ್ಪರ ಚೆನ್ನಾಗಿ ಕೂಡಿಕೊಳ್ಳುತ್ತವೆ; ಕವಚದಲ್ಲಿ ಇದು ಅಷ್ಟಾಗಿ ಆಗುವುದಿಲ್ಲ. ಮೇಲಿನ ದವಡೆಯನ್ನು ಅಗಲ ಮಾಡಿದವರಿಗೂ ಅಕ್ರಿಲಿಕ್ಕೇ ಬೇಕು. ತೆಳು ಕವಚ ಅಡ್ಡಕ್ಕೆ ಬಾಗುತ್ತದೆ, ಅಗಲವನ್ನು ಕಾಯಲಾರದು.

ಕಿತ್ತ ಹಲ್ಲಿನ ಜಾಗ ಮುಚ್ಚಿದವರು ಒಂದು ಮಾತು ಕೇಳಿಕೊಳ್ಳಿ. ಮಾಮೂಲಿ ಹಾಲೀಸ್‌ನಲ್ಲಿ ಮುಂದಿನ ತಂತಿ ಕೋರೆಹಲ್ಲಿನ ಹಿಂದಿನ ಸಂದಿನಲ್ಲಿ ದಾಟಿ ಒಳಕ್ಕೆ ಹೋಗುತ್ತದೆ. ಮೊದಲ ಪ್ರಿಮೋಲಾರ್ ಕಿತ್ತು ಮುಚ್ಚಿದ ಜಾಗ ಅದೇ! ತಂತಿ ಬೆಣೆಯಂತೆ ಕೂತು ಸಂದು ಮತ್ತೆ ತೆರೆಯುತ್ತದೆ. ಇಂಥವರಿಗೆ ತಂತಿ ಕೊನೆಯ ಹಲ್ಲಿನವರೆಗೂ ಸುತ್ತಿ ಬರುವ ಬೆಗ್ ಮಾದರಿ, ಇಲ್ಲವೇ ದವಡೆಹಲ್ಲಿನ ಕೊಕ್ಕೆಗೇ ಬೆಸೆದ ತಂತಿ ಬೇಕು. ಉಬ್ಬುಹಲ್ಲಿಗೆ ನಾಲ್ಕು ಹಲ್ಲು ಕಿತ್ತು ಚಿಕಿತ್ಸೆ ಮಾಡುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ ಇದನ್ನು ಕೇಳದೆ ಬಿಡಬಾರದು.

ತೆಗೆಯುವಾಗ ಎರಡೂ ಬದಿಯ ಕೊಕ್ಕೆ ಹಿಡಿದು ತೆಗೆಯಿರಿ. ಮುಂದಿನ ತಂತಿ ಹಿಡಿದು ಎಳೆದರೆ ಅದು ಬಾಗುತ್ತದೆ. ಮೊದಲ ವಾರ ಮಾತು ತೊದಲುತ್ತದೆ, ಎಂಜಲು ಹೆಚ್ಚುತ್ತದೆ, ಗಟ್ಟಿಯಾಗಿ ಓದುತ್ತ ಹೋದರೆ ಸರಿಹೋಗುತ್ತದೆ. ಕೆಳಗಿನ ಹಾಲೀಸ್ ಮಾತ್ರ ನಾಲಿಗೆಗೆ ಕಿರಿಕಿರಿ, ಮುರಿಯುವುದೂ ಬೇಗ. ಕೆಳಗೆ ಬೇರೇನಾದರೂ ಇರಲಿ.

ನಿಮ್ಮ ಹಲ್ಲು ಮೊದಲು ಹೇಗಿತ್ತು?

ಹೆಚ್ಚಿನವರಿಗೆ ಕೆಳಗೆ ಅಂಟಿಸಿದ ತಂತಿ, ಮೇಲೆ ಪಾರದರ್ಶಕ ಕವಚ ಹೊಂದುತ್ತದೆ. ಕೆಳಗಿನ ತಂತಿಯ ಮೇಲೂ ರಾತ್ರಿ ಹಾಕುವ ಒಂದು ಕವಚ ಮಾಡಿಸಿದರೆ ಚುಕ್ಕೆ ಬಿಟ್ಟರೂ ಹಲ್ಲು ಓಡುವುದಿಲ್ಲ, ಕವಚ ಬಿಗಿಯಾಗಿ ಸುದ್ದಿಯನ್ನೂ ಕೊಡುತ್ತದೆ. ಸದ್ದಿಲ್ಲದೆ ಬಿಡುವ ತಂತಿಗೆ ಇದಕ್ಕಿಂತ ಒಳ್ಳೆಯ ಕಾವಲು ಇಲ್ಲ.

ಮೇಲಿನ ನಡುಹಲ್ಲುಗಳ ನಡುವೆ ದೊಡ್ಡ ಸಂದಿದ್ದವರಿಗೆ ಆ ಎರಡು ಹಲ್ಲುಗಳಿಗೆ ಸಣ್ಣ ತಂತಿ ಬೇಕೇ ಬೇಕು. ತುಟಿಯಿಂದ ಇಳಿಯುವ ಚರ್ಮದ ಎಳೆ ದಪ್ಪವಿದ್ದರೆ ಅದನ್ನು ಸಂದು ಮುಚ್ಚಿದ ನಂತರ ಬಿಡಿಸುವುದೂ ಇದೆ. ಬಹಳ ತಿರುಗಿದ್ದ ಹಲ್ಲಿಗೆ, ಕುತ್ತಿಗೆಯ ಸುತ್ತ ಆ ಎಳೆಯುವ ನಾರುಗಳನ್ನು ಕತ್ತರಿಸುವ ಚಿಕ್ಕ ಚಿಕಿತ್ಸೆ ಇದೆ; ಸ್ಥಳೀಯ ಅರಿವಳಿಕೆಯಲ್ಲಿ ಮುಗಿಯುತ್ತದೆ. ಅದನ್ನು ಕ್ಲಿಪ್ಪು ತೆಗೆಯುವ ಹೊತ್ತಿಗೇ ಮಾಡಬೇಕಾದ್ದರಿಂದ ಮೊದಲೇ ಕೇಳಿ. ನಾಲಿಗೆ ದೂಡುವ ಅಭ್ಯಾಸದಿಂದ ಮುಂದಿನ ಹಲ್ಲು ಕೂಡದೆ ಇದ್ದವರಿಗೆ ಮುಂದಿನ ತಂತಿಯಿಂದ ಏನೂ ಆಗದು. ದವಡೆಹಲ್ಲುಗಳನ್ನು ಮುಚ್ಚುವ ರಿಟೈನರ್ ಮತ್ತು ನಾಲಿಗೆಯ ತರಬೇತಿ ಎರಡೂ ಬೇಕು. ವಸಡಿನ ರೋಗದಿಂದ ಎಲುಬು ಸವೆದವರು ಮಾತ್ರ ಮೇಲೆ ಹೇಳಿದ ಮಾತಿಗೆ ಹೊರತು: ಅವರಿಗೆ ಅಂಟಿಸಿದ ತಂತಿಯೇ, ಶುಚಿಯ ಕಷ್ಟ ಎಷ್ಟಿದ್ದರೂ.

ನಮ್ಮ ಕರಾವಳಿಯ ಕಡೆ ಸ್ಯಾಕ್ಸೊಫೋನ್ ಕಲಿಯುವ ಮಕ್ಕಳು ಕಡಿಮೆಯಿಲ್ಲ. ಮೇಲಿನ ಮುಂದಿನ ಹಲ್ಲು ಮೌತ್‌ಪೀಸಿನ ಮೇಲೆ ಕೂರುತ್ತದೆ, ಕೆಳತುಟಿ ಕೆಳಹಲ್ಲಿಗೆ ಒತ್ತುತ್ತದೆ. ಪ್ರತಿದಿನ ಗಂಟೆಗಟ್ಟಲೆ ಅಭ್ಯಾಸ ಮಾಡುವವರು ಡಾಕ್ಟರಿಗೆ ಮೊದಲೇ ಹೇಳಿ. ರಾತ್ರಿಯ ಕವಚ ತಪ್ಪಿಸುವುದು ಇವರಿಗೆ ಇತರರಿಗಿಂತ ದುಬಾರಿ.

ಊರು ಬಿಡುವವರಿಗೆ

ಹದಿನೆಂಟಕ್ಕೆ ಕ್ಲಿಪ್ಪು ಬಿಚ್ಚಿ, ಇಪ್ಪತ್ತೆರಡಕ್ಕೆ ಬೆಂಗಳೂರೋ ಮುಂಬೈಯೋ ದುಬೈಯೋ ಸೇರುವುದು ಕರಾವಳಿಯ ರೂಢಿ. ಅಂಟಿಸಿದ ತಂತಿ ಬಿಟ್ಟರೆ ಅಲ್ಲಿ ಹೊಸ ಡಾಕ್ಟರು ಬೇಕು, ಕೆಲವರು ಬೇರೆಯವರ ತಂತಿಗೆ ಕೈ ಹಾಕುವುದಿಲ್ಲ, ರಜೆಗೆ ಬರುವವರೆಗೆ ಹಲ್ಲು ಕಾಯುವುದಿಲ್ಲ. ಹೀಗೆ ಹೋಗುವವರು ತಂತಿ ಇದ್ದರೂ ಅದರ ಮೇಲೆ ಕವಚ ಮಾಡಿಸಿಕೊಂಡು, ಒಂದು ಹೆಚ್ಚುವರಿ ಜೊತೆಯನ್ನೂ ಒಯ್ಯಬೇಕು. ಕವಚ ಮಾಡಿದ ಅಚ್ಚನ್ನು ಕೇಳಿ ಪಡೆಯಿರಿ. ಬಾಯಿಯ ಸ್ಕ್ಯಾನ್ ಮಾಡಿದ್ದರೆ ಅದರ ಫೈಲನ್ನು ಮೈಲ್ ಮಾಡಿಸಿಕೊಳ್ಳಿ. ಅದರಿಂದ ಯಾವ ಊರಿನ ಲ್ಯಾಬಿನಲ್ಲೂ ಹೊಸ ಕವಚ ಮಾಡಬಹುದು. ಪ್ಲಾಸ್ಟರ್ ಅಚ್ಚಾದರೆ ಹತ್ತಿ ಸುತ್ತಿ ಒಣ ಜಾಗದಲ್ಲಿಡಿ, ಬಿದ್ದರೆ ಬಾಚಿಹಲ್ಲೇ ಮೊದಲು ಮುರಿಯುವುದು.

ಮಣಿಪಾಲ, ಮಂಗಳೂರಿನ ಲೈಟ್‌ಹೌಸ್ ಹಿಲ್, ದೇರಳಕಟ್ಟೆ, ಕುಂಟಿಕಾನ, ಮುಕ್ಕ ಎಂದು ನಮ್ಮಲ್ಲಿ ದಂತ ಕಾಲೇಜುಗಳು ಕೈಗೆಟಕುವಷ್ಟು ಹತ್ತಿರ ಇವೆ. ಅಲ್ಲಿ ಚಿಕಿತ್ಸೆ ಮಾಡಿಸಿಕೊಂಡವರು ಒಂದು ವಿಷಯ ನೆನಪಿಡಬೇಕು: ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಮೂರು ವರ್ಷದ ಓದು, ನಿಮ್ಮ ಹಲ್ಲು ನೋಡಿದ ಡಾಕ್ಟರು ಓದು ಮುಗಿಸಿ ಹೊರಟುಹೋಗಿರುತ್ತಾರೆ. ಓಪಿ ಕಾರ್ಡು, ಫೈಲ್ ನಂಬರು ಜೋಪಾನವಿದ್ದರೆ ಯಾರು ಬಂದರೂ ಮುಂದುವರಿಸಬಹುದು. ಯಾವ ತಂತಿ, ಎಷ್ಟು ದಪ್ಪ, ಯಾವ ಹಲ್ಲಿನಿಂದ ಯಾವ ಹಲ್ಲಿಗೆ ಎಂದು ಕಾರ್ಡಿನ ಮೇಲೆ ಬರೆಸಿಕೊಳ್ಳಿ. ದರ ವಿಚಾರಿಸುವಾಗ ಮೊದಲ ರಿಟೈನರ್ ಚಿಕಿತ್ಸೆಯ ಮೊತ್ತದಲ್ಲೇ ಸೇರಿದೆಯೇ, ಎರಡನೆಯದಕ್ಕೆ ಎಷ್ಟು, ಬಿಟ್ಟ ಚುಕ್ಕೆ ಮತ್ತೆ ಅಂಟಿಸಲು ಎಷ್ಟು ಎಂದು ಮೂರನ್ನೂ ಬೇರೆ ಬೇರೆ ಕೇಳಿ.

ಕವಚ ಕೆಲವು ದಿನ ತಪ್ಪಿ, ಹಾಕಿದಾಗ ಬಿಗಿಯಾಗಿಯೂ ಪೂರ್ತಿ ಕೂರುತ್ತಿದ್ದರೆ ನಾಲ್ಕೈದು ದಿನ ಪೂರ್ತಿ ಹೊತ್ತು ಹಾಕಿ. ಸಡಿಲವಾದ ಮೇಲೆ ರಾತ್ರಿಗೆ ಇಳಿಸಿ. ಹಲ್ಲಿನ ತುದಿಗೂ ಕವಚಕ್ಕೂ ನಡುವೆ ಗಾಳಿ ಕಾಣುತ್ತಿದ್ದರೆ ಕಚ್ಚಿ ಕೂರಿಸಬೇಡಿ, ಅದು ಸೀಳುತ್ತದೆ, ಹಲ್ಲಿಗೂ ನೋವು. ವಾರದೊಳಗೆ ತೋರಿಸಿ: ಸಣ್ಣ ಸರಿದಾಟವನ್ನು ಒಂದೆರಡು ಕವಚದಲ್ಲೋ ಹಾಲೀಸ್ ಸ್ಪ್ರಿಂಗಿನಲ್ಲೋ ತರಬಹುದು, ಮೂರು ತಿಂಗಳು ಬಿಟ್ಟರೆ ಮತ್ತೆ ಕ್ಲಿಪ್ಪಿನ ಮಾತು ಬರುತ್ತದೆ. ಹೆಚ್ಚುವರಿ ಜೊತೆಯನ್ನೂ ಪೆಟ್ಟಿಗೆಯ ತಳದಲ್ಲಿ ಮರೆಯದೆ ಮೂರು ತಿಂಗಳಿಗೊಮ್ಮೆ ಒಂದು ರಾತ್ರಿ ಹಾಕಿ ನೋಡಿ. ದಿನದ ಕವಚ ಕೂರುತ್ತಿದ್ದು ಅದು ಕೂರದಿದ್ದರೆ, ದಿನದ್ದು ಸವೆದು ಸಡಿಲವಾಗಿದೆ, ಹಲ್ಲು ಅದರೊಳಗೇ ಸರಿದಿದೆ.